ಕಿಸೆಗೊಂದು ಚಾಕು: ಯಾವುದು ಕೊಳ್ಳೋದು, ಎಷ್ಟು ನಂಬೋದು

ನನ್ನ ಬಲಗೈ ತೋರುಬೆರಳಿನ ಒಳಬದಿಯಲ್ಲಿ ಒಂದು ಸಣ್ಣ ಗೆರೆ ಇದೆ. ಮೂರು ಹೊಲಿಗೆಯ ಗುರುತು. ಆ ಗಾಯ ಮಾಡಿದ್ದು ಕಳ್ಳನಲ್ಲ, ನಾನೇ ಆಸೆಪಟ್ಟು ತರಿಸಿಕೊಂಡ ಮಡಚುವ ಚಾಕು. ಕಪ್ಪು ಬಣ್ಣ, ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ಮೇಲೊಂದು ತಲೆಬುರುಡೆ. ಹೆಸರಿನಲ್ಲೇ ‘ಟ್ಯಾಕ್ಟಿಕಲ್’ ಅಂತ ಇತ್ತು. ಮಳೆಗಾಲದ ಒಂದು ಬೆಳಿಗ್ಗೆ ತೋಟದಲ್ಲಿ ಒದ್ದೆ ನೈಲಾನ್ ಹಗ್ಗ ಕೊಯ್ಯುತ್ತಿದ್ದೆ. ಅಲಗು ಹಗ್ಗಕ್ಕೆ ಸಿಕ್ಕಿಕೊಂಡಿತು. ಬಿಡಿಸೋಣ ಅಂತ ಸ್ವಲ್ಪ ತಿರುಚಿ ಎಳೆದೆ. ತೆರೆದ ಅಲಗನ್ನು ಹಿಡಿದಿಡುವ ಒಳಗಿನ ಲಾಕ್ ಜಾರಿತು, ಅಲಗು ಬಂದು ಬೆರಳ ಮೇಲೆ ಮಡಚಿಕೊಂಡಿತು.

ಅದಾದ ಮೇಲೆ ಸುಮಾರು ಚಾಕು ಕೊಂಡಿದ್ದೇನೆ, ಕೆಲವನ್ನು ದಾನ ಮಾಡಿದ್ದೇನೆ. ಊರಲ್ಲಿ ಎಲ್ಲಾದರೂ ಕಳ್ಳತನ ಆದರೆ ಸಾಕು, ಯಾರಾದರೂ ಒಬ್ಬರು ಕೇಳುತ್ತಾರೆ: ‘ಸೇಫ್ಟಿಗೆ ಒಂದು ಒಳ್ಳೆ ಚಾಕು ಹೇಳು ಮಾರಾಯ.’ ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

1. ಒಂದು ವಾರ ಲೆಕ್ಕ ಬರೆಯಿರಿ

ಏನನ್ನೂ ಆರ್ಡರ್ ಮಾಡಬೇಡಿ. ಒಂದು ವಾರ ‘ಅಯ್ಯೋ, ಈಗ ಚಾಕು ಇದ್ದಿದ್ದರೆ’ ಅನಿಸಿದಾಗಲೆಲ್ಲ ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ನನ್ನ ಪಟ್ಟಿ ಹೀಗಿತ್ತು: ಕೊರಿಯರ್ ಡಬ್ಬ ನಾಲ್ಕು ಸಲ, ಗೊಬ್ಬರದ ಚೀಲದ ಹೊಲಿಗೆ, ಡ್ರಿಪ್ ಪೈಪು, ಬಾಳೆ ಎಲೆ, ಬಸ್ಸಿನಲ್ಲಿ ಸೀಬೆಹಣ್ಣು. ಕಳ್ಳರು ಸೊನ್ನೆ.

ನಿಮ್ಮ ಪಟ್ಟಿ ಬೇರೆ ಇರಬಹುದು. ಆದರೆ ಅದರಲ್ಲಿ ಏನಿದೆಯೋ ಅದಕ್ಕೆ ತಕ್ಕ ಚಾಕು ಕೊಳ್ಳಿ. ಮಾರುಕಟ್ಟೆಯಲ್ಲಿ ‘ಟ್ಯಾಕ್ಟಿಕಲ್’ ಅನ್ನುವ ಪದಕ್ಕೆ ಯಾವ ಅಳತೆಯೂ ಇಲ್ಲ. ಕಪ್ಪು ಬಣ್ಣ ಹೊಡೆದು ಸೈನ್ಯದ ಹೆಸರಿಟ್ಟರೆ ಅದು ಟ್ಯಾಕ್ಟಿಕಲ್. ಆ ಬಗೆಯ ಚಾಕುಗಳಲ್ಲಿ ನಿಜಕ್ಕೂ ಉಪಯೋಗದ ಸಂಗತಿ ನಾಲ್ಕೇ: ಒಂದೇ ಕೈಯಲ್ಲಿ ತೆರೆಯಬಹುದು, ಗಟ್ಟಿ ಲಾಕ್ ಇರುತ್ತದೆ, ಒದ್ದೆ ಕೈಯಲ್ಲೂ ಜಾರದ ಹಿಡಿ, ಕಿಸೆಗೆ ಸಿಕ್ಕಿಸುವ ಕ್ಲಿಪ್ಪು. ಬೆನ್ನಿನ ಗರಗಸ, ಎರಡೂ ಕಡೆ ಬಾಯಿ, ಹಿಡಿಯೊಳಗಿನ ದಿಕ್ಸೂಚಿ, ತಲೆಬುರುಡೆ, ಇವೆಲ್ಲ ಫೋಟೋಗೆ ಚಂದ.

2. ಟೇಪು ಹಿಡಿದು ಅಳೆಯಿರಿ

ಇದನ್ನು ಯಾರೂ ಮಾಡುವುದಿಲ್ಲ, ನೀವು ಮಾಡಿ. ನಮ್ಮ ದೇಶದಲ್ಲಿ ಇದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಅದರ ಕೆಳಗೆ 2016ರ ನಿಯಮಗಳಿವೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಚಾಕು ಆಯುಧದ ಪಟ್ಟಿಗೆ ಸೇರುತ್ತದೆ. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಅಂತಲೇ ಮಾಡಿದ್ದಕ್ಕೆ ಇದು ಅನ್ವಯಿಸುವುದಿಲ್ಲ. ಹಾಗಾಗಿಯೇ ಅಡಿಗೆಮನೆಯ ಈಳಿಗೆಮಣೆಗೂ ತೋಟದ ಕತ್ತಿಗೂ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಕಠಾರಿ, ಬಾಕುಗಳ ಮಾತು ಬೇರೆ. ಅವು ಅದೇ ಪಟ್ಟಿಯಲ್ಲಿ ಹೆಸರು ಹಿಡಿದೇ ಇವೆ. ಎರಡೂ ಕಡೆ ಬಾಯಿ ಇದ್ದರೆ ಚಾಕು ಕಠಾರಿ ಅನ್ನಿಸಿಕೊಳ್ಳಬಹುದು, ಅದರ ಆಸೆ ಬಿಡಿ ಅನ್ನುವುದು ಅದಕ್ಕೇ.

ಗುಂಡಿ ಒತ್ತಿದರೆ ಚಕ್ಕನೆ ತೆರೆಯುವ ಬಟನ್ ಚಾಕುವನ್ನೂ ಬಿಟ್ಟುಬಿಡಿ. ದೆಹಲಿಯಲ್ಲಿ 1980ರಿಂದಲೇ ಒಂದು ಅಧಿಸೂಚನೆ ಇದೆ: ಸ್ಪ್ರಿಂಗಿನಿಂದಲೋ ಬಟನ್ನಿನಿಂದಲೋ ತೆರೆಯುವ ಚಾಕುವಿನ ಅಲಗು 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ ಮುಟ್ಟಿದರೆ ಅದನ್ನು ಹತ್ತಿರ ಇಟ್ಟುಕೊಳ್ಳುವುದೇ ಕೇಸು. ಹೆಚ್ಚುಕಮ್ಮಿ ನಿಮ್ಮ ತೋರುಬೆರಳಿನ ಉದ್ದ ಅದು. ಕೆಲಸಕ್ಕೆಂದು ಗುರುಗ್ರಾಮ, ದೆಹಲಿ ಅಂತ ಓಡಾಡುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು. ಇಲ್ಲಿ ನಮ್ಮಲ್ಲೂ ಚುನಾವಣೆ, ಹಬ್ಬ, ಗಲಾಟೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಹಾಕಿ ಹರಿತವಾದದ್ದನ್ನು ಒಯ್ಯಬಾರದು ಅಂತ ಆದೇಶ ಹೊರಡಿಸುತ್ತಾರೆ. ಅಂಥ ದಿನ ಚಾಕು ಮನೆಯಲ್ಲೇ ಇರಲಿ.

ಚಾರಣಕ್ಕೆ ಹೋಗುವವರಿಗೆ ಗೊತ್ತೇ ಇಲ್ಲದ ಒಂದು ವಿಷಯ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಅನ್ನುವುದರ ವ್ಯಾಖ್ಯೆಯೊಳಗೆ ಚಾಕು ಕೂಡ ಸೇರಿದೆ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಅಲ್ಲಿಗೂ ಇದೇ ನಿಯಮ. ಗೇಟಿನಲ್ಲಿ ಗಾರ್ಡ್ ನಿಮ್ಮ ಚಾಕು ತೆಗೆದಿಟ್ಟುಕೊಂಡರೆ ಜಗಳ ಆಡಬೇಡಿ, ಅವರು ಹೇಳುವುದೇ ಸರಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಬೇಡಿ, ಸುತ್ತಿ ಚೆಕ್-ಇನ್ ಪೆಟ್ಟಿಗೆಯಲ್ಲಿಡಿ. ನಾನು ಒಂದು ಒಳ್ಳೆ ಸ್ವಿಸ್ ಚಾಕುವನ್ನು ಹೀಗೆ ವಿಮಾನ ನಿಲ್ದಾಣದ ಡಬ್ಬಿಗೆ ಅರ್ಪಿಸಿ ಬಂದಿದ್ದೇನೆ.

ಹೊರದೇಶದಲ್ಲಿ ಇರುವವರು ಇನ್ನೂ ಹುಷಾರು. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಒಯ್ಯಬಹುದಾದದ್ದು ಲಾಕ್ ಇಲ್ಲದ, ಬಾಯಿ 3 ಇಂಚಿನೊಳಗಿನ, ಮಡಚುವ ಚಾಕು ಮಾತ್ರ. ‘ಆತ್ಮರಕ್ಷಣೆಗೆ ಇಟ್ಟುಕೊಂಡಿದ್ದೇನೆ’ ಅಂದರೆ ಅದನ್ನು ಅಲ್ಲಿ ಒಳ್ಳೆಯ ಕಾರಣ ಅಂತ ಒಪ್ಪುವುದೇ ಇಲ್ಲ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಸುಮ್ನೆ ಕಿಸೆಯಲ್ಲಿಟ್ಟುಕೊಂಡು ತಿರುಗುವಂತಿಲ್ಲ.

ಅಳತೆಯ ಜೊತೆಗೆ ಜಾಗವೂ ಮುಖ್ಯ. ಕರಾವಳಿಯಲ್ಲಿ ಸೊಂಟದ ಹಿಂದೆ ಕತ್ತಿ ಸಿಕ್ಕಿಸಿಕೊಂಡು ಹೋಗುವವನನ್ನು ಕಂಡರೆ ‘ತೋಟಕ್ಕೆ ಹೊರಟ’ ಅಂದುಕೊಳ್ಳುತ್ತಾರೆ. ಅದೇ ಕತ್ತಿಗೆ ಬೆಂಗಳೂರಿನಲ್ಲಿ ಮಚ್ಚು ಅಂತ ಹೆಸರು. ಹಿಡಿದು ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿ, ಐದು ನಿಮಿಷದಲ್ಲಿ ಪೊಲೀಸರು ಬರುತ್ತಾರೆ. ಇನ್ನು ಕೊಡಗಿನ ಕಥೆಯೇ ಬೇರೆ. ಶಸ್ತ್ರಾಸ್ತ್ರ ಕಾಯ್ದೆಯಿಂದ ಕೊಡವರಿಗೂ ಜಮ್ಮಾ (ಹಳೆಯ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ 10 ವರ್ಷಕ್ಕೆ ವಿಸ್ತರಿಸಿತು. ಮದುವೆಯಲ್ಲಿ ಸೊಂಟಕ್ಕೆ ಪೀಚೆಕತ್ತಿ, ಒಡಿಕತ್ತಿಯಲ್ಲಿ ಬಾಳೆ ಕಡಿಯುವ ಶಾಸ್ತ್ರ, ಇವೆಲ್ಲ ಅವರ ಮನೆಯ ಸಂಗತಿ. ಅದನ್ನು ನೋಡಿ ‘ನಾನೂ ಒಂದು ಕಟ್ಟಿಕೊಳ್ಳುತ್ತೇನೆ’ ಅಂದರೆ ಆಗುವುದಿಲ್ಲ.

3. ಮಡಚುವುದೋ, ನೇರದ್ದೋ

ಪಟ್ಟಿಯಲ್ಲಿ ಡಬ್ಬ, ಹಣ್ಣು, ದಾರ ಜಾಸ್ತಿ ಇದ್ದರೆ ಮಡಚುವ ಚಾಕು ಸಾಕು. ತೋಟ, ಕಟ್ಟಿಗೆ, ಮೀನು ಜಾಸ್ತಿ ಇದ್ದರೆ ಒರೆಯಲ್ಲಿಡುವ ನೇರ ಚಾಕು. ಮಡಚುವುದಕ್ಕೆ ಒಂದು ಕೀಲು ಇದೆ, ಕೀಲು ಇದ್ದಲ್ಲಿ ದೌರ್ಬಲ್ಯವೂ ಇದೆ. ನನ್ನ ಮೂರು ಹೊಲಿಗೆ ಸಾಕ್ಷಿ.

ಲಾಕಿನ ಬಗ್ಗೆ ಎರಡು ಮಾತು. ಸಾಮಾನ್ಯ ಸ್ವಿಸ್ ಚಾಕುವಿಗೆ ಲಾಕ್ ಇರುವುದಿಲ್ಲ. ಅಲಗನ್ನು ಹಿಂದಿನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅಷ್ಟೇ. ಲೈನರ್ ಲಾಕಿನಲ್ಲಿ ಹಿಡಿಯೊಳಗಿನ ತೆಳು ತಗಡೊಂದು ಅಲಗಿನ ಬುಡಕ್ಕೆ ಬಂದು ಆತುಕೊಳ್ಳುತ್ತದೆ. ಚೆನ್ನಾಗಿ ಮಾಡಿದರೆ ಗಟ್ಟಿ, ಅಗ್ಗದಲ್ಲಿ ಮಾಡಿದರೆ ನನ್ನ ಬೆರಳಿನ ಗತಿ. ಬೆನ್ನಿನ ಕಡೆ ಒತ್ತಿ ಬಿಡಿಸುವ ಬ್ಯಾಕ್ ಲಾಕ್ ಹಳೆಯದು, ನಂಬಿಕಸ್ಥ. ಬಕ್ ಕಂಪನಿಯ 110 ಅನ್ನುವ ಚಾಕು 1964ರಿಂದ ಇದೇ ಲಾಕಿನಲ್ಲಿ ಬರುತ್ತಿದೆ. ಫ್ರಾನ್ಸಿನ ಒಪಿನೆಲ್‌ನದು ಇನ್ನೂ ಸರಳ: ಬುಡದಲ್ಲಿ ಒಂದು ಉಕ್ಕಿನ ಬಳೆ, ತಿರುಗಿಸಿದರೆ ಲಾಕ್. ಅದರ 8ನೇ ನಂಬರಿನ ಅಲಗು 8.5 ಸೆಂ.ಮೀ. ನನ್ನ ಮೆಚ್ಚಿನ ಚಾಕು ಯಾವುದು ಅಂತ ಕೇಳಿದರೆ ಇದೇ. ಆದರೆ ಮಲೆನಾಡಿನವರಿಗೆ ಒಂದು ಎಚ್ಚರಿಕೆ: ಹಿಡಿ ಮರದ್ದು. ಜುಲೈ ಮಳೆಯಲ್ಲಿ ಮರ ಊದಿಕೊಂಡು ಅಲಗು ಹೊರಗೇ ಬರುವುದಿಲ್ಲ. ಉಗುರು ಕಿತ್ತು ಹೋಗುವಂತೆ ಎಳೆಯಬೇಕು. ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಟಕ್ಕನೆ ಕುಟ್ಟಿದರೆ ಅಲಗಿನ ತುದಿ ಸ್ವಲ್ಪ ಮೇಲೆ ಏಳುತ್ತದೆ. ಆಗ ಹಿಡಿದು ತೆಗೆಯುವುದು ಸುಲಭ.

ನೇರದ್ದರಲ್ಲಿ ಸ್ವೀಡನ್ನಿನ ಮೋರಾ ಚಾಕುಗಳು ಒಳ್ಳೆಯವು. ಕಂಪ್ಯಾನಿಯನ್ ಅನ್ನುವ ಮಾದರಿಗೆ 10.4 ಸೆಂ.ಮೀ. ಅಲಗು, ಪ್ಲಾಸ್ಟಿಕ್ ಒರೆ. ನೋಡೋಕೆ ಏನೂ ಗತ್ತಿಲ್ಲ. ಕೆಲಸ ಮಾತ್ರ ಪಕ್ಕಾ.

4. ಉಕ್ಕು: ನಿಮ್ಮ ಊರಿನ ಹವೆ ನೋಡಿ

ಇಲ್ಲಿ ಅಂತರ್ಜಾಲದ ಪಂಡಿತರು ನಿಮ್ಮ ತಲೆ ತಿನ್ನುತ್ತಾರೆ. ಸರಳವಾಗಿ ಹೇಳುತ್ತೇನೆ. ಕ್ರೋಮಿಯಂ ಜಾಸ್ತಿ ಇದ್ದರೆ ತುಕ್ಕು ಕಡಿಮೆ. ಅದು ಕಡಿಮೆ ಇರುವ ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರ ಕಡೆಯ ಉಪ್ಪುಗಾಳಿಗೆ ಸ್ಟೇನ್‌ಲೆಸ್ಸೇ ಸರಿ. 14ಸಿ28ಎನ್ ಅಂತ ಬರೆದ ಸ್ವೀಡನ್ನಿನ ಉಕ್ಕು ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಡಿ2 ಅನ್ನುವುದು ಬಾಯಿ ಚೆನ್ನಾಗಿ ಉಳಿಸಿಕೊಳ್ಳುತ್ತದೆ, ಆದರೆ ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಅದರ ಜೊತೆಗೆ, ಮೊಂಡಾದರೆ ಮನೆಯ ಕಲ್ಲಿನಲ್ಲಿ ಮಸೆಯಲು ಗಂಟೆಗಟ್ಟಲೆ ಬೇಕು. ಬಳ್ಳಾರಿ, ಕಲಬುರಗಿಯ ಒಣ ಹವೆಯಲ್ಲಿ ಕಾರ್ಬನ್ ಉಕ್ಕನ್ನು ಧೈರ್ಯವಾಗಿ ಇಟ್ಟುಕೊಳ್ಳಬಹುದು.

ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಬರೆದು ಉಕ್ಕಿನ ಹೆಸರೇ ಹೇಳದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ.

ಕಮ್ಮಾರರ ಚಾಕುವನ್ನು ಮರೆಯಬೇಡಿ. ನಮ್ಮ ಕಡೆ ಕುಲುಮೆಯಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡಿಕೊಡುತ್ತಾರೆ. ಸ್ಪ್ರಿಂಗಿನ ಉಕ್ಕು ಬಾಗಿದರೂ ಮುರಿಯುವುದಿಲ್ಲ, ಬಾಯಿಯೂ ನಿಲ್ಲುತ್ತದೆ. ಎಲ್ಲಾ ಇರುವುದು ಹದ ಕೊಡುವ ಕೈಯಲ್ಲಿ. ನಮ್ಮೂರ ಕಮ್ಮಾರರು ಕಾದ ಅಲಗನ್ನು ನೀರಿಗೆ ಅದ್ದುವಾಗ ಬಾಯಿಯ ಕಡೆ ಮಾತ್ರ ಅದ್ದುತ್ತಾರೆ, ಬೆನ್ನನ್ನು ಮೇಲೇ ಬಿಡುತ್ತಾರೆ. ಆಮೇಲೆ ಬೆನ್ನಿನ ಬಿಸಿ ನಿಧಾನ ಬಾಯಿಯ ಕಡೆ ಇಳಿಯುವುದನ್ನು ಬಣ್ಣದಲ್ಲೇ ನೋಡುತ್ತಾ ಕೂರುತ್ತಾರೆ. ಒಣಹುಲ್ಲಿನ ಹಳದಿ ಬಣ್ಣ ಬಂತೋ, ಪೂರ್ತಿ ಮುಳುಗಿಸುತ್ತಾರೆ. ಬಾಯಿ ಗಟ್ಟಿ, ಬೆನ್ನು ಮೆದು. ಅವರ ಹತ್ತಿರ ಗೇಣುದ್ದದ ಒಂದು ಚಾಕು ಮಾಡಿಸಿಕೊಳ್ಳಿ, ಹಿಡಿಗೆ ಹಲಸಿನ ಮರ ಹಾಕಿಸಿ. ಅಡಿಕೆಯ ಚೊಗರು ತಾಗಿ ಅಲಗು ಕಪ್ಪಾದರೆ ಗಾಬರಿ ಬೇಡ. ಅದು ತುಕ್ಕಲ್ಲ. ಆ ಕಪ್ಪು ಸ್ವಲ್ಪ ಮಟ್ಟಿಗೆ ತುಕ್ಕನ್ನು ತಡೆಯುತ್ತದೆ ಕೂಡ.

5. ಕೈಗೆ ತಗೊಂಡು ನೋಡಿ

ಸಾಧ್ಯವಾದರೆ ಅಂಗಡಿಗೇ ಹೋಗಿ. ಚಾಕು ತೆರೆದು ಅಲಗನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲುಗಿಸಿ. ಕಟಕಟ ಅಂದರೆ ಬೇಡ. ಮಡಚಿದಾಗ ಅಲಗು ಹಿಡಿಯ ಮಧ್ಯಕ್ಕೆ ಬಂದು ಕೂರಬೇಕು, ಒಂದು ಬದಿಗೆ ಉಜ್ಜಬಾರದು. ಬೆರಳನ್ನು ಅಲಗಿನ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ. ಲಾಕ್ ಬಿಟ್ಟುಕೊಂಡರೆ ಅಂಗಡಿಯವನ ಮುಂದೆಯೇ ಬಿಟ್ಟುಕೊಳ್ಳಲಿ.

ಮನೆಗೆ ಬಂದ ಮೇಲೆ ಸೋಪಿನ ಪರೀಕ್ಷೆ. ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪ್ ಹಾಕಿ. ಕೈಗೆ ಸೋಪು ಹಚ್ಚಿಕೊಂಡು ಹಿಡಿಯನ್ನು ಹಿಡಿದು ತುದಿಯನ್ನು ಹಲಗೆಗೆ ಒತ್ತಿ. ಕೈ ಜಾರಿ ಅಲಗಿನ ಕಡೆ ಹೋಯಿತಾ? ಹಾಗಾದರೆ ಬೆವರಿದ ಕೈಯಲ್ಲೂ ಹೋಗುತ್ತದೆ. ಆ ಚಾಕು ವಾಪಸ್.

ಕಿಸೆಯ ಚಾಕುವಿಗೆ ಅಲಗಿನ ಉದ್ದ ನಾಲ್ಕು ಬೆರಳಗಲಕ್ಕಿಂತ ತುಂಬಾ ಜಾಸ್ತಿ ಬೇಕಾಗುವುದು ಅಪರೂಪ. ಸಾದಾ ನೇರ ಬಾಯಿ ತಗೊಳ್ಳಿ. ಅರ್ಧ ಹಲ್ಲು, ಅರ್ಧ ನೇರ ಇರುವುದನ್ನು ಮಸೆಯುವುದು ದೊಡ್ಡ ತಲೆನೋವು.

6. ಈಗ ಆತ್ಮರಕ್ಷಣೆಯ ಮಾತು

ಇಲ್ಲಿಯವರೆಗೆ ಓದಿದವರಲ್ಲಿ ಅರ್ಧ ಜನ ಕಾಯುತ್ತಿರುವುದು ಇದಕ್ಕೇ, ಅಲ್ವಾ?

ಅದಕ್ಕೆ ಚಾಕುವನ್ನು ನಂಬಬೇಡಿ, ಕಾರಣ ಮೂರು. ಮೊದಲನೆಯದು ಪೆಟ್ಟು. ಒಂದು ಭಾನುವಾರ ನಾನೂ ನನ್ನ ಚಿಕ್ಕಪ್ಪನ ಮಗನೂ ತಾರಸಿಯ ಮೇಲೆ ಒಂದು ಪ್ರಯೋಗ ಮಾಡಿದೆವು. ಇಬ್ಬರಿಗೂ ಹಳೇ ಬಿಳಿ ಬನಿಯನ್, ಇಬ್ಬರ ಕೈಯಲ್ಲೂ ಕೆಂಪು ಮಾರ್ಕರ್ ಪೆನ್ನು. ಪೆನ್ನೇ ಚಾಕು ಅಂತ ಲೆಕ್ಕ. ಆರು ಸುತ್ತು ಆಡಿದೆವು. ಪ್ರತಿ ಸುತ್ತೂ ಮೂರು ನಾಲ್ಕು ಸೆಕೆಂಡಿಗೆ ಮುಗಿಯಿತು. ಮುಗಿದಾಗ ಒಂದು ಸಲವೂ ಇಬ್ಬರಲ್ಲಿ ಒಬ್ಬರ ಬನಿಯನ್ನೂ ಬಿಳಿಯಾಗಿ ಉಳಿಯಲಿಲ್ಲ. ಗೆದ್ದೆ ಅಂದುಕೊಂಡ ಸುತ್ತಿನಲ್ಲಿ ನನ್ನ ಮಣಿಕಟ್ಟಿನ ಮೇಲೆ ಎರಡು ಗೆರೆ, ಕುತ್ತಿಗೆಯ ಪಕ್ಕ ಒಂದು. ನಕ್ಕೊಂಡು ಶುರುಮಾಡಿದ್ದೆವು. ನಾಲ್ಕನೇ ಸುತ್ತಿನ ಹೊತ್ತಿಗೆ ಇಬ್ಬರೂ ಸುಮ್ಮನಾಗಿದ್ದೆವು. ಮಾಡಿ ನೋಡಿ, ಹತ್ತು ರೂಪಾಯಿಯ ಪೆನ್ನು ಸಾಕು.

ಎರಡನೆಯದು ಸಮಯ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕ ಬರೆದರು. 21 ಅಡಿ ದೂರದಲ್ಲಿ ನಿಂತ ಮನುಷ್ಯ ಓಡಿ ಬಂದು ನಿಮ್ಮನ್ನು ಮುಟ್ಟಲು ಸುಮಾರು ಒಂದೂವರೆ ಸೆಕೆಂಡು ಸಾಕು. ಈಗ ನಿಮ್ಮ ಚಾಕುವನ್ನು ಜೀನ್ಸಿನ ಕಿಸೆಯಲ್ಲಿಟ್ಟು, ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಹೊರತೆಗೆದು ಬಿಚ್ಚುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಫೋನಿನ ಗಡಿಯಾರದಲ್ಲಿ ನೋಡಿ. ನನಗೆ ನಾಲ್ಕು ಸೆಕೆಂಡು ಬೇಕಾಯಿತು. ಅದೂ ಮನೆಯ ಹಾಲಿನಲ್ಲಿ, ಯಾರ ಹೆದರಿಕೆಯೂ ಇಲ್ಲದೆ.

ಮೂರನೆಯದು ಮರುದಿನ ಬೆಳಿಗ್ಗೆ. ಆತ್ಮರಕ್ಷಣೆಯ ಹಕ್ಕು ನಮಗೆ ಖಂಡಿತ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳು ಅದರ ಬಗ್ಗೆಯೇ ಇವೆ. ಆದರೆ 37ನೇ ಕಲಮು ಗೆರೆ ಎಳೆಯುತ್ತದೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ, ಪೊಲೀಸರ ಬಳಿ ಹೋಗಲು ಸಮಯ ಇತ್ತು ಅಂತಾದರೆ ಹಕ್ಕೇ ಇಲ್ಲ. ಫೋನ್ ಕಸಿಯಲು ಬಂದ ಬರಿಗೈ ಹುಡುಗನಿಗೆ ನೀವು ಚಾಕು ಹಾಕಿದರೆ, 118ನೇ ಕಲಮಿನಲ್ಲಿ ಅಪಾಯಕಾರಿ ಆಯುಧದಿಂದ ಗಾಯ ಮಾಡಿದ ಆರೋಪ ನಿಮ್ಮ ಮೇಲೆಯೇ ಬರಬಹುದು. ‘ಯಾಕೆ ಇಟ್ಟುಕೊಂಡಿದ್ದೆ?’ ಅಂತ ಠಾಣೆಯಲ್ಲಿ ಕೇಳುತ್ತಾರೆ. ‘ಹೊಡೆದಾಡೋಕೆ’ ಅಂತ ಉತ್ತರ ಬಂದರೆ ಮುಂದಿನ ಕೆಲವು ವರ್ಷ ಕೋರ್ಟಿನ ಕಾರಿಡಾರು. ಪೆಪ್ಪರ್ ಸ್ಪ್ರೇಯನ್ನೂ ಕರ್ನಾಟಕ ಹೈಕೋರ್ಟ್ 2024ರ ಒಂದು ಪ್ರಕರಣದಲ್ಲಿ ಅಪಾಯಕಾರಿ ಆಯುಧ ಎಂದೇ ಕಂಡಿತು. ಸ್ಪ್ರೇ ಇಟ್ಟುಕೊಳ್ಳಬೇಡಿ ಅನ್ನುತ್ತಿಲ್ಲ. ಅದನ್ನೂ ಬರೀ ಜಗಳಕ್ಕೆ ಎತ್ತುವಂತಿಲ್ಲ, ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲದಾಗ ಮಾತ್ರ.

ಹಾಗಾದರೆ ಏನು ಮಾಡೋದು? ಒಳ್ಳೆ ಟಾರ್ಚು, ಜೋರಾದ ಸೀಟಿ, 112 ನಂಬರು, ಓಡಲು ಬರುವ ಚಪ್ಪಲಿ. ಫೋನ್ ಕೇಳಿದರೆ ಕೊಟ್ಟುಬಿಡಿ. ಮನೆಗೆ ಚಾಕುವಿನ ದುಡ್ಡಿನಲ್ಲಿ ಗಟ್ಟಿ ಚಿಲಕ ಹಾಕಿಸಿ. ಕೇಳೋಕೆ ಸಪ್ಪೆ ಅನಿಸುತ್ತದೆ, ಗೊತ್ತು.

ಚಾಕುವಿನಿಂದ ಜೀವ ಉಳಿಯುವುದೇ ಇಲ್ಲ ಅಂತಲ್ಲ. ನನ್ನ ಕಣ್ಣೆದುರು ಒಮ್ಮೆ ಉಳಿದಿದೆ. ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಸ್ಕೂಟರಿನ ಹಿಂದಿನ ಚಕ್ರಕ್ಕೆ ಹಿಂದೆ ಕೂತಿದ್ದ ಹುಡುಗಿಯ ದುಪಟ್ಟಾ ಸುತ್ತಿಕೊಂಡಿತು. ಗಾಡಿ ನಿಂತಿತು, ಆದರೆ ಬಟ್ಟೆ ಕುತ್ತಿಗೆಗೆ ಬಿಗಿದಿತ್ತು. ಎಳೆದಷ್ಟೂ ಬಿಗಿಯಾಗುತ್ತಿತ್ತು, ಜನ ಸುತ್ತ ನಿಂತು ಚಕ್ರ ಹಿಂದಕ್ಕೆ ತಿರುಗಿಸಿ ಅಂತ ಕೂಗುತ್ತಿದ್ದರು. ಕಿಸೆಯಲ್ಲಿದ್ದ ಸಣ್ಣ ಚಾಕುವನ್ನು ಬಟ್ಟೆಯ ಕೆಳಗೆ ತೂರಿಸಿ, ಬಾಯಿಯನ್ನು ಕುತ್ತಿಗೆಯಿಂದ ಹೊರಕ್ಕೆ ತಿರುಗಿಸಿ, ಚರ್ರನೆ ಕೊಯ್ದೆ. ಎರಡು ಸೆಕೆಂಡಿನ ಕೆಲಸ. ಸಿಕ್ಕಿಕೊಂಡ ಸೀಟ್ ಬೆಲ್ಟು, ಬೆಂಕಿ ಬಿದ್ದ ಕೊಟ್ಟಿಗೆಯಲ್ಲಿ ದನದ ಕಣ್ಣಿ, ಇಂಥದ್ದಕ್ಕೆಲ್ಲ ಚಾಕು ಬೇಕೇ ಬೇಕು. ‘ರಕ್ಷಣೆಗೆ ಚಾಕು’ ಅಂತ ಕೇಳುವವರಿಗೆ ನಾನು ಹೇಳುವುದು ಇದನ್ನೇ: ಹಗ್ಗ, ಬಟ್ಟೆಯನ್ನು ಒಂದೇ ಎಳೆತಕ್ಕೆ ಕೊಯ್ಯುವಷ್ಟು ಹರಿತ ಇರಲಿ, ಯಾವಾಗಲೂ ಒಂದೇ ಕಿಸೆಯಲ್ಲಿರಲಿ. ಹಾವು ಕಚ್ಚಿದ ಜಾಗ ಕೊಯ್ಯಲು ಮಾತ್ರ ತೆಗೆಯಬೇಡಿ. ಅದು ಹಳೇ ತಪ್ಪು. ಗಾಯ ದೊಡ್ಡದಾಗುತ್ತದೆ, ವಿಷ ಹೊರಗೆ ಬರುವುದಿಲ್ಲ. ನೇರ ಆಸ್ಪತ್ರೆಗೆ ಓಡಿ.

7. ಮಸೆಯುವುದು, ಇಡುವುದು

ಎರಡು ಬದಿಯ ಒಂದು ಕಲ್ಲು ತಗೊಳ್ಳಿ. ಒಂದು ಕಡೆ 400, ಇನ್ನೊಂದು ಕಡೆ 1000 ಇದ್ದರೆ ಮನೆಗೆ ಸಾಕು (ಇದು ಕಲ್ಲಿನ ಕಣದ ನಂಬರು, ದೊಡ್ಡದಾದಷ್ಟೂ ನಯ). ಕಲ್ಲನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯ ಮೇಲಿಡಿ. ಅಲಗನ್ನು 20 ಡಿಗ್ರಿ ಎತ್ತಿ ಹಿಡಿಯಬೇಕು. ಕೋನಮಾಪಕ ಬೇಡ: ಅಲಗನ್ನು ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಗ್ಗಿಸಿ, ಮತ್ತೆ ಅದರ ಅರ್ಧ. ಹೆಚ್ಚುಕಮ್ಮಿ ಅದೇ. ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಒಂದು ಸಣ್ಣ ತರಿ ತಾಗುತ್ತದೆ. ಬಾಯಿಯ ಉದ್ದಕ್ಕೂ ಅದು ಬರುವವರೆಗೆ ಬದಿ ಬದಲಿಸಬೇಡಿ. ಹೊಸಬರು ತಪ್ಪು ಮಾಡುವುದು ಇಲ್ಲೇ. ನಾಲ್ಕು ಸಲ ಉಜ್ಜಿ ತಿರುಗಿಸಿಬಿಡುತ್ತಾರೆ, ಆಮೇಲೆ ಕಲ್ಲು ಸರಿ ಇಲ್ಲ ಅನ್ನುತ್ತಾರೆ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನನ್ನು ಮುಂದೆ ಮಾಡಿ ಹತ್ತು ಸಲ ಎಳೆಯಿರಿ. ನ್ಯೂಸ್‌ಪೇಪರ್ ಹಾಳೆ ಸದ್ದಿಲ್ಲದೆ ಸೀಳಿದರೆ ಸಾಕು. ಮೊಂಡು ಚಾಕುವಿಗೆ ಜೋರು ಹಾಕಬೇಕು, ಜೋರು ಹಾಕಿದಾಗಲೇ ಕೈ ಜಾರುವುದು.

ಬೀದಿಯಲ್ಲಿ ಸಾಣೆ ಚಕ್ರ ತುಳಿಯುತ್ತಾ ಬರುವವರ ಹತ್ತಿರ ಅಡಿಗೆಮನೆಯ ಚಾಕು ಕೊಡಿ, ಪರವಾಗಿಲ್ಲ. ಒಳ್ಳೆ ಚಾಕು ಬೇಡ. ಕಿಡಿ ಹಾರುವಷ್ಟು ಬಿಸಿಯಾದರೆ ಬಾಯಿಯ ಹದ ಹೋಗುತ್ತದೆ.

ಮಳೆಗಾಲದಲ್ಲಿ ಚರ್ಮದ ಒರೆಯೊಳಗೆ ಇಡಬೇಡಿ, ಚರ್ಮ ನೀರು ಕುಡಿದು ಅಲಗಿಗೆ ಕೊಡುತ್ತದೆ. ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸವರಿ ಹೊರಗಿಡಿ. ಹಣ್ಣು ಕೊಯ್ಯುವ ಮುಂಚೆ ಅದನ್ನು ತೊಳೆದುಕೊಳ್ಳಿ. ತೆಂಗಿನೆಣ್ಣೆಯೂ ನಡೆಯುತ್ತದೆ, ಆದರೆ ವಾರ ಬಿಟ್ಟರೆ ಕೀಲಿನಲ್ಲಿ ಅಂಟಂಟಾಗಿ ಕೂರುತ್ತದೆ.

ಇನ್ನೊಂದು, ನಾನು ಎರಡು ವರ್ಷ ಮಾಡಿದ ತಪ್ಪು. ಆಯುಧಪೂಜೆಯ ದಿನ ಕಾರ್ಬನ್ ಉಕ್ಕಿನ ಚಾಕುವಿಗೆ ಅರಿಸಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಹೋಳು ಮಾಡಿದ ನಿಂಬೆಹಣ್ಣು ಇಟ್ಟು, ವಿಜಯದಶಮಿ ಮುಗಿಯುವವರೆಗೆ ಮುಟ್ಟುವುದಿಲ್ಲ ನಾವು. ತೆಗೆದಾಗ ಕುಂಕುಮದ ಬೊಟ್ಟಿನ ಕೆಳಗೆ ಅಷ್ಟೇ ದುಂಡಗೆ ತುಕ್ಕಿನ ಗುಳಿ. ಈಗ ಮೊದಲೇ ದಪ್ಪಗೆ ಎಣ್ಣೆ ಸವರುತ್ತೇನೆ, ಬೊಟ್ಟನ್ನು ಹಿಡಿಗೆ ಇಡುತ್ತೇನೆ. ನಿಂಬೆಹಣ್ಣನ್ನು ಅಮ್ಮ ನೋಡದಿದ್ದಾಗ ಒಂದು ಗೇಣು ಆಚೆ ಸರಿಸುತ್ತೇನೆ.